ಸಣ್ಣ ಟ್ರ್ಯಾಕ್ಟರಿಗೆ ಜೋಡಿಸುವ ಬ್ಯಾಕ್‌ಹೋ: ಬಳಕೆ ಮತ್ತು ಸಂರಕ್ಷಣೆ

ಪುಣೆ ಜಿಲ್ಲೆಯಲ್ಲಿ ನೆಲ ಅಗೆದವರಿಗೆ ಆ ನೆಲದ ಸ್ವಭಾವ ಚೆನ್ನಾಗಿ ತಿಳಿದಿರುತ್ತದೆ. ಮೇಲ್ಭಾಗದಲ್ಲಿ ಎರೆಮಣ್ಣು, ಅದರ ಕೆಳಗೆ ಮುರುಮು, ಮುರುಮಿನ ಕೆಳಗೆ ದಖ್ಖನ್ ಪ್ರಸ್ಥಭೂಮಿಯ ಗಟ್ಟಿಯಾದ ಬಸಾಲ್ಟ್ ಶಿಲೆ. ಎರೆಮಣ್ಣಿನ ಪದರವು ಒಂದೆಡೆ ಒಂದು ಅಡಿಯಷ್ಟಿದ್ದರೆ ಮತ್ತೊಂದೆಡೆ ಹಲವು ಅಡಿಗಳಷ್ಟಿರುತ್ತದೆ. ಜಿಲ್ಲೆಯ ಪಶ್ಚಿಮಕ್ಕಿರುವ ಮಾವಳ, ಮುಳಶಿ ತಾಲ್ಲೂಕುಗಳಲ್ಲಿ ಸಹ್ಯಾದ್ರಿಯ ಮಳೆ ಧಾರಾಳವಾಗಿ ಬೀಳುತ್ತದೆ. ಪೂರ್ವದ ಬಾರಾಮತಿ, ಇಂದಾಪುರ, ದೌಂಡ್ ತಾಲ್ಲೂಕುಗಳಲ್ಲಿ ಮಳೆ ಕಡಿಮೆ. ಅಲ್ಲಿಯ ಕಬ್ಬು, ದ್ರಾಕ್ಷಿ ಮತ್ತು ದಾಳಿಂಬೆ ಬೆಳೆಗಳು ಕಾಲುವೆ, ಕೃಷಿ ಹೊಂಡ ಹಾಗೂ ಹನಿ ನೀರಾವರಿಯನ್ನು ಅವಲಂಬಿಸಿವೆ. ನೀರು ತರಲು ಪೈಪು ಹೂಳಬೇಕು, ಪೈಪು ಹೂಳಲು ನೆಲ ಅಗೆಯಬೇಕು.

ಈ ಅಗೆತವನ್ನು ಬಹುಕಾಲ ಗುದ್ದಲಿ, ಹಾರೆ, ಪಿಕಾಸಿಗಳೇ ಮಾಡಿದವು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಪುಣೆಗೆ ಹೋಗಿ ಮಣ್ಣಿನ ಕೆಲಸದಲ್ಲಿಯೂ ಕಟ್ಟಡದ ಕೆಲಸದಲ್ಲಿಯೂ ಬೆವರು ಸುರಿಸಿದ ಕನ್ನಡಿಗರು ಬಹು ಮಂದಿ ಇದ್ದಾರೆ. ಇಂದು ಅದೇ ಕೆಲಸವನ್ನು ದ್ರವಶಕ್ತಿಯಿಂದ ನಡೆಯುವ ಯಂತ್ರಗಳು ಮಾಡುತ್ತಿವೆ. ದೊಡ್ಡ ಯಂತ್ರವನ್ನು ತಾಸಿನ ಬಾಡಿಗೆಗೆ ತರುವುದರ ಬದಲು, ತಮ್ಮಲ್ಲಿರುವ ಸಣ್ಣ ಟ್ರ್ಯಾಕ್ಟರಿಗೇ ಅಗೆಯುವ ತೋಳನ್ನು ಜೋಡಿಸಿಕೊಳ್ಳಬೇಕೆಂದು ಅನೇಕ ರೈತರು ಹಾಗೂ ಸಣ್ಣ ಗುತ್ತಿಗೆದಾರರು ಯೋಚಿಸುತ್ತಾರೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಬಹುಭಾಗವೂ ಇದೇ ಬಸಾಲ್ಟ್ ಶಿಲೆಯ ಮೇಲೆ ನಿಂತಿರುವುದರಿಂದ, ಪುಣೆಯ ನೆಲಕ್ಕೆ ಅನ್ವಯಿಸುವ ಮಾತು ಆ ಜಿಲ್ಲೆಗಳಿಗೂ ಅನ್ವಯಿಸುತ್ತದೆ.

ಯಂತ್ರದ ಪರಿಚಯ

ಬ್ಯಾಕ್‌ಹೋ ಎಂಬುದು ಟ್ರ್ಯಾಕ್ಟರಿನ ಹಿಂಬದಿಯಲ್ಲಿದ್ದು, ಮಣ್ಣನ್ನು ತನ್ನ ಕಡೆಗೆ ಎಳೆದುಕೊಂಡು ಅಗೆಯುವ ಸಲಕರಣೆ. ಇದರ ರಚನೆ ಮನುಷ್ಯನ ಕೈಯನ್ನು ಹೋಲುತ್ತದೆ. ಭುಜದಿಂದ ಮೊಣಕೈವರೆಗಿನ ಭಾಗ ಬೂಮ್, ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ ಡಿಪ್ಪರ್, ಅಂಗೈಯ ಸ್ಥಾನದಲ್ಲಿ ಹಲ್ಲುಗಳಿರುವ ಬಕೆಟ್. ಪ್ರತಿಯೊಂದು ಕೀಲನ್ನೂ ಒಂದೊಂದು ಹೈಡ್ರಾಲಿಕ್ ಸಿಲಿಂಡರ್ ಚಲಿಸುವಂತೆ ಮಾಡುತ್ತದೆ. ಇಡೀ ತೋಳನ್ನು ಎಡಕ್ಕೂ ಬಲಕ್ಕೂ ತಿರುಗಿಸಲು ಬುಡದಲ್ಲಿ ಬೇರೆ ಸಿಲಿಂಡರುಗಳಿರುತ್ತವೆ. ಅಗೆಯುವಾಗ ಟ್ರ್ಯಾಕ್ಟರು ಅಲುಗದಂತೆ ನೆಲಕ್ಕೆ ಊರುವ ಎರಡು ಆಧಾರ ಕಾಲುಗಳಿರುತ್ತವೆ. ಚಾಲಕರು ಇವನ್ನು ಸಾಮಾನ್ಯವಾಗಿ ಜಾಕ್ ಎಂದು ಕರೆಯುತ್ತಾರೆ.

ಇಂದು ದೊಡ್ಡ ಯಂತ್ರವೆಂದು ನಾವು ತಿಳಿದಿರುವ ಬ್ಯಾಕ್‌ಹೋ ಹುಟ್ಟಿದ್ದು ಸಾಮಾನ್ಯ ಕೃಷಿ ಟ್ರ್ಯಾಕ್ಟರಿನ ಬೆನ್ನ ಮೇಲೆಯೇ ಎಂಬುದು ಗಮನಾರ್ಹ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ವೈನೋ ಹೋಲೋಪೈನನ್ ಮತ್ತು ರಾಯ್ ಹ್ಯಾಂಡಿ ಎಂಬಿಬ್ಬರು 1947ರಲ್ಲಿ ಫೋರ್ಡ್ ಟ್ರ್ಯಾಕ್ಟರಿಗೆ ಇಂಥ ದ್ರವಚಾಲಿತ ತೋಳನ್ನು ಜೋಡಿಸಿದರು. 1948ರಲ್ಲಿ ಅದು ಮೊದಲು ಮಾರಾಟವಾದದ್ದು ಕನೆಕ್ಟಿಕಟ್‌ನ ಒಂದು ವಿದ್ಯುತ್ ಕಂಪೆನಿಗೆ. ನಮ್ಮಲ್ಲಿ ಈ ಜಾತಿಯ ಯಂತ್ರಗಳಿಗೆಲ್ಲ ಜೆಸಿಬಿ ಎಂಬ ಹೆಸರೇ ರೂಢಿಯಾಗಿದೆ. ಅದು ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಇಂಗ್ಲಿಷ್ ಉದ್ಯಮಿಯ ಹೆಸರಿನ ಮೊದಲಕ್ಷರಗಳು. ಆತನ ಕಂಪೆನಿ 1979ರಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ನೆಲೆಯೂರಿತು. ಪುಣೆಯ ಸಮೀಪದ ತಳೇಗಾಂವ್‌ನಲ್ಲಿಯೂ ಅದರ ಕಾರ್ಖಾನೆ ಇದೆ.

ಹೆಸರು ಒಂದೇ ಆದರೂ ಇವೆರಡೂ ಒಂದೇ ಯಂತ್ರವಲ್ಲ. ಪೂರ್ಣ ಗಾತ್ರದ ಬ್ಯಾಕ್‌ಹೋ ಲೋಡರ್ ಏಳರಿಂದ ಎಂಟು ಟನ್ ತೂಗುತ್ತದೆ ಮತ್ತು ನಾಲ್ಕೂವರೆ ಮೀಟರಿನ ಆಸುಪಾಸಿನವರೆಗೆ ಅಗೆಯಬಲ್ಲದು. ಅದರ ಚಾಸಿಯನ್ನು ಅಗೆಯುವ ಕೆಲಸಕ್ಕೆಂದೇ ನಿರ್ಮಿಸಿರುತ್ತಾರೆ. 25ರಿಂದ 30 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರಿನ ತೂಕವಾದರೋ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಅದನ್ನು ನಿರ್ಮಿಸಿರುವುದು ನೇಗಿಲು, ಕುಂಟೆ, ಟ್ರಾಲಿಗಳನ್ನು ಎಳೆಯಲು. ಅದಕ್ಕೆ ಹೊಂದುವ ಬ್ಯಾಕ್‌ಹೋ ಸಾಮಾನ್ಯವಾಗಿ ಆರರಿಂದ ಎಂಟು ಅಡಿ ಆಳಕ್ಕೆ ಅಗೆಯುತ್ತದೆ. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆಯ 18.5 ಅಶ್ವಶಕ್ತಿಯ ಟ್ರ್ಯಾಕ್ಟರಿನಂಥ ಇನ್ನೂ ಚಿಕ್ಕವು ತೋಟಗಾರಿಕೆಗೆ ಬಹಳ ಉಪಯುಕ್ತ. ಆದರೆ ಅಂಥವಕ್ಕೆ ಅಗೆಯುವ ತೋಳನ್ನು ಕಟ್ಟುವ ಮುನ್ನ ಟ್ರ್ಯಾಕ್ಟರ್ ತಯಾರಕರ ಲಿಖಿತ ಒಪ್ಪಿಗೆ ಪಡೆಯಬೇಕು.

ಸಣ್ಣ ಯಂತ್ರಕ್ಕೆ ಅದರದೇ ಆದ ಸ್ಥಾನವಿದೆ. ಜುನ್ನರ ತಾಲ್ಲೂಕಿನ ನಾರಾಯಣಗಾಂವ್ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಸಾಲುಗಳ ನಡುವೆ ದೊಡ್ಡ ಯಂತ್ರ ಹೊರಳಲಾರದು; ಹೊರಳಿದರೂ ಬಳ್ಳಿಯ ಬೇರಿನ ಮೇಲೆ ಏಳು ಟನ್ ಭಾರ ಹೇರಿದಂತಾಗುತ್ತದೆ. ಹನಿ ನೀರಾವರಿಯ ಮುಖ್ಯ ಪೈಪಿಗೆ ಎರಡರಿಂದ ಎರಡೂವರೆ ಅಡಿ ಆಳದ ಕಂದಕ, ದನದ ಕೊಟ್ಟಿಗೆಯ ಚರಂಡಿ, ಶೌಚಾಲಯದ ಗುಂಡಿ, ಹೊಂಡದ ಹೂಳು, ಒಣಗಿದ ಗಿಡದ ಬುಡ: ಇವು ಸಣ್ಣ ಬ್ಯಾಕ್‌ಹೋಗೆ ತಕ್ಕ ಕೆಲಸಗಳು. ಬಾವಿ ತೋಡುವುದು, ಬಂಡೆ ಒಡೆಯುವುದು, ಗುಡ್ಡ ಕಡಿಯುವುದು ಅದರ ಕೆಲಸವಲ್ಲ.

ಜೋಡಣೆಯ ಪ್ರಶ್ನೆ

ಬ್ಯಾಕ್‌ಹೋ ಕೊಳ್ಳುವಾಗ ಜನರು ಬೆಲೆಯನ್ನೂ ಬಕೆಟಿನ ಅಗಲವನ್ನೂ ವಿಚಾರಿಸುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಅದು ಟ್ರ್ಯಾಕ್ಟರಿಗೆ ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು. ಇದರ ಮಹತ್ವ ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಸಿಲಿಂಡರಿನ ಒಳವ್ಯಾಸ 75 ಮಿಲಿಮೀಟರ್ ಇದ್ದರೆ ಅದರ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 44 ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ಇದ್ದರೆ ಆ ಒಂದು ಸಿಲಿಂಡರ್ ಸುಮಾರು 6,600 ಕಿಲೋಗ್ರಾಂಗಳಷ್ಟು ಬಲದಿಂದ ತಳ್ಳುತ್ತದೆ. ಅಂದರೆ ಟ್ರ್ಯಾಕ್ಟರಿನ ತೂಕದ ಐದಾರು ಪಟ್ಟು. ಬಕೆಟಿನ ಹಲ್ಲಿನ ತುದಿಗೆ ಈ ಬಲ ಪೂರ್ತಿಯಾಗಿ ತಲುಪದು, ನಿಜ. ಆದರೆ ಕೀಲುಗಳೂ ಜೋಡಣೆಯ ಬೋಲ್ಟುಗಳೂ ಅದನ್ನು ಹೊರಲೇಬೇಕು.

ಅಗ್ಗದ ಜೋಡಣೆಯಲ್ಲಿ ಬ್ಯಾಕ್‌ಹೋವನ್ನು ನೇಗಿಲಿನಂತೆ ಟ್ರ್ಯಾಕ್ಟರಿನ ತ್ರೀ ಪಾಯಿಂಟ್ ಲಿಂಕೇಜಿಗೆ ಮಾತ್ರ ಸಿಕ್ಕಿಸುತ್ತಾರೆ. ಈ ಲಿಂಕೇಜಿನ ಹೈಡ್ರಾಲಿಕ್ ವ್ಯವಸ್ಥೆ ಭಾರವನ್ನು ಮೇಲೆತ್ತಬಲ್ಲದೇ ಹೊರತು ಕೆಳಗೆ ಒತ್ತಿ ಹಿಡಿಯಲಾರದು. ಬಕೆಟಿನ ಹಲ್ಲು ಗಟ್ಟಿ ಮುರುಮಿಗೆ ಸಿಕ್ಕಿಕೊಂಡಾಗ ಪ್ರತಿಬಲದಿಂದ ಇಡೀ ಬ್ಯಾಕ್‌ಹೋ ಮೇಲಕ್ಕೆ ಏಳಬಹುದು, ಮುಂದಕ್ಕೆ ಮಗುಚಬಹುದು. ಚಾಲಕನು ಕುಳಿತಿರುವುದು ಬ್ಯಾಕ್‌ಹೋಗೂ ಟ್ರ್ಯಾಕ್ಟರಿನ ಹಿಂಭಾಗಕ್ಕೂ ನಡುವಿನ ಇಕ್ಕಟ್ಟಾದ ಜಾಗದಲ್ಲಿ. ಅವನಿಗೆ ತಪ್ಪಿಸಿಕೊಳ್ಳಲು ಸ್ಥಳವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಟ್ರ್ಯಾಕ್ಟರಿಗೂ ಇದರಿಂದ ಕೇಡು: ಅಗೆತದ ಒತ್ತಡವೆಲ್ಲ ಹಿಂಬದಿಯ ಗೇರ್ ಪೆಟ್ಟಿಗೆಯ ಮೇಲೆ ಬಿದ್ದು, ಕ್ಲಚ್ ಹೌಸಿಂಗಿನ ಬಳಿ ಎರಕದ ಕಬ್ಬಿಣ ಬಿರುಕು ಬಿಡುತ್ತದೆ.

ಸರಿಯಾದ ಜೋಡಣೆಯಲ್ಲಿ ಸಬ್‌ಫ್ರೇಮ್ ಎಂಬ ಉಕ್ಕಿನ ಚೌಕಟ್ಟು ಇರುತ್ತದೆ. ಇದು ಹಿಂದಿನ ಆಕ್ಸಲಿನಿಂದ ಹೊರಟು ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಹಾದು ಮುಂಭಾಗದವರೆಗೆ ಹೋಗಿ, ಬಲವನ್ನು ಇಡೀ ಟ್ರ್ಯಾಕ್ಟರಿಗೆ ಹಂಚುತ್ತದೆ. ಬೆಲೆ ಹೆಚ್ಚು, ಕಟ್ಟಿ ಬಿಚ್ಚಲು ಹೊತ್ತೂ ಹೆಚ್ಚು. ಆದರೂ ಸಬ್‌ಫ್ರೇಮ್ ಇಲ್ಲದ ಬ್ಯಾಕ್‌ಹೋವನ್ನು ಕೊಳ್ಳದಿರುವುದೇ ಮೇಲು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ನೋಡಿ ತಯಾರಿಸಿದ ಚೌಕಟ್ಟು ಇದಕ್ಕೆ ಬದಲಾಗದು. ಟ್ರ್ಯಾಕ್ಟರಿನಲ್ಲಿ ಉರುಳುವಿಕೆಯಿಂದ ರಕ್ಷಿಸುವ ಕಮಾನು ಇದ್ದರೆ, ಬೂಮಿಗೆ ಅಡ್ಡವಾಗುತ್ತದೆಂದು ಅದನ್ನು ಬಿಚ್ಚಿ ಇಡಬಾರದು.

ಎಣ್ಣೆಯ ಪೂರೈಕೆಯೂ ವಿಚಾರ ಮಾಡತಕ್ಕ ವಿಷಯ. ಸಣ್ಣ ಟ್ರ್ಯಾಕ್ಟರಿನ ಸ್ವಂತ ಹೈಡ್ರಾಲಿಕ್ ಪಂಪು ಅಗೆಯುವ ತೋಳಿಗೆ ಸಾಕಾಗುವಷ್ಟು ಎಣ್ಣೆಯನ್ನು ಹರಿಸಲಾರದ ಕಾರಣ, ಬ್ಯಾಕ್‌ಹೋಗೆ ಪ್ರತ್ಯೇಕ ಟ್ಯಾಂಕು ಮತ್ತು ಪಿ.ಟಿ.ಓ. ಶಾಫ್ಟಿನಿಂದ ತಿರುಗುವ ಪ್ರತ್ಯೇಕ ಪಂಪು ಇರುವುದು ವಾಡಿಕೆ. ಪಿ.ಟಿ.ಓ. ನಿಮಿಷಕ್ಕೆ 540 ಸುತ್ತು ತಿರುಗುವ ವೇಗಕ್ಕೆ ಎಂಜಿನ್ನನ್ನು ಹೊಂದಿಸಿದರೆ ಸಾಕು. ಅದಕ್ಕಿಂತ ಹೆಚ್ಚು ಓಡಿಸಿದರೆ ಕೆಲಸ ಬೇಗ ಆಗದು, ಎಣ್ಣೆ ಮಾತ್ರ ಕಾಯುತ್ತದೆ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ಎಂದೂ ತೆಗೆಯಕೂಡದು. ಧೋತರ, ಟವೆಲು, ಸೀರೆಯ ಸೆರಗು ಅದಕ್ಕೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಕ್ಷಣಕಾಲವೂ ದೊರೆಯದು.

ಅಗೆಯುವ ಮುನ್ನ

ಜಮೀನು ನಮ್ಮದೇ ಆದರೂ ನೆಲದೊಳಗಿರುವುದೆಲ್ಲ ನಮ್ಮದಲ್ಲ. ಪುಣೆ ನಗರದಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ವಿದ್ಯುತ್ ಕೇಬಲು, ಕುಡಿಯುವ ನೀರಿನ ಕೊಳವೆ, ದೂರವಾಣಿಯ ತಂತಿ ಮತ್ತು ಮನೆಗಳಿಗೆ ಅಡುಗೆ ಅನಿಲ ಒಯ್ಯುವ ಕೊಳವೆಗಳು ಒಂದರ ಪಕ್ಕದಲ್ಲೊಂದು ಹೂಳಲ್ಪಟ್ಟಿವೆ. ಹಳ್ಳಿಗಳಲ್ಲಿ ಭಾರತ್‌ನೆಟ್ ಯೋಜನೆಯ ಆಪ್ಟಿಕಲ್ ಫೈಬರ್ ತಂತಿ ರಸ್ತೆಯ ಅಂಚಿನಲ್ಲಿ ಗ್ರಾಮ ಪಂಚಾಯಿತಿಯವರೆಗೆ ಸಾಗುತ್ತದೆ. ಒಬ್ಬ ರೈತನ ಪೈಪು ರಸ್ತೆಯನ್ನು ಅಡ್ಡ ದಾಟುವಾಗ ಆ ತಂತಿ ತುಂಡಾದರೆ ಪಂಚಾಯಿತಿಯ ಕಚೇರಿ, ಶಾಲೆ, ಅಂಚೆ ಕಚೇರಿಗಳ ಸಂಪರ್ಕವೆಲ್ಲ ಕಡಿದುಹೋಗಬಹುದು.

ಇದಕ್ಕಾಗಿ ದೂರಸಂಪರ್ಕ ಇಲಾಖೆಯು ರೂಪಿಸಿದ, ‘ಅಗೆಯುವ ಮುನ್ನ ಕರೆ ಮಾಡಿ’ ಎಂಬ ಅರ್ಥ ಕೊಡುವ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪನ್ನು ಪ್ರಧಾನಮಂತ್ರಿಯವರು 2023ರ ಮಾರ್ಚ್ 22ರಂದು ಉದ್ಘಾಟಿಸಿದರು. ಅಗೆಯುವವರು ಸ್ಥಳದ ವಿವರವನ್ನು ಇದರಲ್ಲಿ ನಮೂದಿಸಿದರೆ, ಆ ಸ್ಥಳದಲ್ಲಿ ಕೇಬಲು, ಕೊಳವೆಗಳನ್ನು ಹೂಳಿರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ರಸ್ತೆಯ ಅಂಚು ಅಥವಾ ಊರೊಳಗಿನ ಸ್ಥಳವಾದರೆ ಇದರ ಜೊತೆಗೆ ಪಂಚಾಯಿತಿ ಅಥವಾ ನಗರಸಭೆಯ ಅನುಮತಿ ಪಡೆಯಬೇಕು. ವಿದ್ಯುತ್ ಕಚೇರಿಯಲ್ಲಿಯೂ ವಿಚಾರಿಸಬೇಕು.

ಮಾಹಿತಿ ದೊರೆತ ಮೇಲೂ ಅನುಮಾನದ ಸ್ಥಳದಲ್ಲಿ ಮೊದಲು ಸಲಿಕೆಯಿಂದ ಒಂದೆರಡು ಪರೀಕ್ಷಾ ಗುಂಡಿಗಳನ್ನು ಕೈಯಿಂದಲೇ ತೋಡಿ ನೋಡುವುದು ಒಳಿತು. ಭಾರತೀಯ ಮಾನಕದ ಪ್ರಕಾರ ಕಡಿಮೆ ಒತ್ತಡದ ವಿದ್ಯುತ್ ಕೇಬಲು 75 ಸೆಂಟಿಮೀಟರ್, 11 ಸಾವಿರ ವೋಲ್ಟಿನ ಕೇಬಲು 90 ಸೆಂಟಿಮೀಟರ್ ಆಳದಲ್ಲಿರಬೇಕು. ಇದು ನಾವು ಹನಿ ನೀರಾವರಿಯ ಪೈಪು ಹೂಳುವ ಆಳವೇ ಎಂಬುದನ್ನು ಓದುಗರು ಗಮನಿಸಬೇಕು. ಮೇಲಾಗಿ, ರಸ್ತೆಗೆ ಮಣ್ಣು ಹಾಕಿದ್ದರೆ ಅಥವಾ ತೆಗೆದಿದ್ದರೆ ಕಾಗದದ ಮೇಲಿನ ಆಳಕ್ಕೂ ನೆಲದೊಳಗಿನ ಆಳಕ್ಕೂ ಸಂಬಂಧವೇ ಉಳಿದಿರದು. ಅಗೆಯುವಾಗ ಸಾಲಾಗಿ ಇಟ್ಟಿಗೆ, ಕಾಂಕ್ರೀಟ್ ಹಲಗೆ, ಬಣ್ಣದ ಪ್ಲಾಸ್ಟಿಕ್ ಪಟ್ಟಿ ಅಥವಾ ಸುತ್ತಲಿನ ಮಣ್ಣಿಗಿಂತ ಬೇರೆಯಾದ ನಯವಾದ ಮರಳು ಕಂಡರೆ ಅದು ಕೇಬಲಿನ ಸೂಚನೆ. ಅಲ್ಲಿ ಬಕೆಟನ್ನು ಕೂಡಲೇ ನಿಲ್ಲಿಸಬೇಕು.

ತಲೆಯ ಮೇಲಿನ ತಂತಿಗಳನ್ನೂ ಮರೆಯಬಾರದು. ಬೂಮ್ ಅಥವಾ ಬಕೆಟಿನ ಯಾವ ಭಾಗವೂ ವಿದ್ಯುತ್ ತಂತಿಗೆ 3 ಮೀಟರಿಗಿಂತ ಹತ್ತಿರ ಹೋಗಕೂಡದು. ಯಂತ್ರ ತಂತಿಗೆ ತಗುಲಿದರೆ ಚಾಲಕನು ಆಸನದಲ್ಲಿಯೇ ಕುಳಿತು, ಸಾಧ್ಯವಾದರೆ ತೋಳನ್ನು ದೂರ ಸರಿಸಿ, ಉಳಿದವರನ್ನು ಹತ್ತಿರ ಬಾರದಂತೆ ಕೂಗಿ ಎಚ್ಚರಿಸಬೇಕು. ಬೆಂಕಿ ಹತ್ತಿಕೊಂಡು ಇಳಿಯಲೇಬೇಕಾದರೆ, ಯಂತ್ರವನ್ನೂ ನೆಲವನ್ನೂ ಏಕಕಾಲದಲ್ಲಿ ಮುಟ್ಟದಂತೆ ಎರಡೂ ಪಾದ ಜೋಡಿಸಿ ಹಾರಿ, ಕುಪ್ಪಳಿಸುತ್ತ ದೂರ ಹೋಗಬೇಕು.

ಅಗೆಯುವ ಕ್ರಮ

ಟ್ರ್ಯಾಕ್ಟರನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಬ್ರೇಕು ಹಾಕಿ, ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಇಡಬೇಕು. ಆಧಾರ ಕಾಲುಗಳನ್ನು ಊರಿ ಹಿಂದಿನ ಟೈರುಗಳ ಭಾರ ಹಗುರಾಗುವಷ್ಟು ಎತ್ತಿದರೆ ಸಾಕು. ಚಕ್ರಗಳು ಗಾಳಿಯಲ್ಲಿ ತೂಗಾಡುವಷ್ಟು ಎತ್ತುವುದು ತಪ್ಪು. ಎರೆಮಣ್ಣು ಹಸಿಯಾಗಿದ್ದರೆ ಕಾಲುಗಳು ಇಳಿದುಹೋಗುವುದರಿಂದ ಕೆಳಗೆ ದಪ್ಪನೆಯ ಮರದ ಹಲಗೆ ಇಡಬೇಕು. ಲಿವರುಗಳ ಕ್ರಮ ಎಲ್ಲ ಯಂತ್ರಗಳಲ್ಲೂ ಒಂದೇ ಇರುವುದಿಲ್ಲ. ಬೇರೆ ಯಂತ್ರದಲ್ಲಿ ಪಳಗಿದ ಚಾಲಕನಾದರೂ ಕೆಲಸಕ್ಕೆ ಮುನ್ನ ಬಯಲಿನಲ್ಲಿ ಹತ್ತು ನಿಮಿಷ ತೋಳನ್ನು ಆಡಿಸಿ ನೋಡಬೇಕು.

ಮಣ್ಣನ್ನು ಒಮ್ಮೆಲೇ ಆಳಕ್ಕೆ ಕೀಳಲು ಹೋಗದೆ, ನಾಲ್ಕೈದು ಅಂಗುಲ ದಪ್ಪದ ಪದರಗಳಲ್ಲಿ ಸೀಳುತ್ತ ಬರಬೇಕು. ಡಿಪ್ಪರನ್ನು ಎಳೆದುಕೊಳ್ಳುತ್ತ ಬಕೆಟನ್ನು ನಿಧಾನವಾಗಿ ಮಡಿಸಿದರೆ ಹಲ್ಲುಗಳು ಸರಿಯಾದ ಓರೆಯಲ್ಲಿ ಕಚ್ಚುತ್ತವೆ. ಮುರುಮು ಸಿಕ್ಕಿದಾಗ ಒಂದು ಬದಿಯನ್ನು ಮೊದಲು ಬಿಡಿಸಿಕೊಂಡು ಅಲ್ಲಿಂದ ಪದರ ಪದರವಾಗಿ ಕಿತ್ತುಕೊಂಡು ಹೋದರೆ ಯಂತ್ರಕ್ಕೆ ಶ್ರಮ ಕಡಿಮೆ. ಹಲ್ಲು ಜಾರಿ ಕಿಡಿ ಹಾರತೊಡಗಿತೆಂದರೆ ಬಸಾಲ್ಟ್ ಬಂತೆಂದು ತಿಳಿಯಬೇಕು. ಅಲ್ಲಿಗೆ ಸಣ್ಣ ಬ್ಯಾಕ್‌ಹೋದ ಕೆಲಸ ಮುಗಿಯಿತು. ಮುಂದಿನದು ಬ್ರೇಕರ್ ಇರುವ ದೊಡ್ಡ ಯಂತ್ರದ ಪಾಲು. ಬಕೆಟನ್ನು ಸುತ್ತಿಗೆಯಂತೆ ಎತ್ತಿ ಬಂಡೆಯ ಮೇಲೆ ಕುಟ್ಟುವುದು, ಬಕೆಟನ್ನು ನೆಲಕ್ಕೆ ಸಿಕ್ಕಿಸಿ ಟ್ರ್ಯಾಕ್ಟರನ್ನು ಮುಂದಕ್ಕೆ ಓಡಿಸಿ ಮರದ ಬುಡ ಕೀಳುವುದು, ತೋಳನ್ನು ಅಡ್ಡಡ್ಡ ಬೀಸಿ ಮಣ್ಣಿನ ರಾಶಿಯನ್ನು ಕಂದಕಕ್ಕೆ ತಳ್ಳುವುದು, ಈ ಮೂರೂ ನಮ್ಮಲ್ಲಿ ದಿನನಿತ್ಯ ಕಾಣುವ ದೃಶ್ಯಗಳು. ಯಂತ್ರದ ಆಯುಷ್ಯ ಕಡಿಮೆ ಮಾಡುವುದಕ್ಕೆ ಇವುಗಳಿಗಿಂತ ಸುಲಭವಾದ ಮಾರ್ಗವಿಲ್ಲ. ತಿರುಗಿಸುವ ಸಿಲಿಂಡರುಗಳ ಪಿನ್ನುಗಳು ಮೊದಲು ಸಡಿಲಗೊಳ್ಳುವುದು ಮೂರನೆಯ ಅಭ್ಯಾಸದಿಂದಲೇ.

ಯಂತ್ರ ಕೆಲಸ ಮಾಡುವಲ್ಲಿ ಊರಿನ ಅರ್ಧ ಜನ, ಮಕ್ಕಳು ಸಹಿತ, ನಿಂತು ನೋಡುವುದು ನಮ್ಮಲ್ಲಿ ರೂಢಿ. ತೋಳು ಪೂರ್ತಿ ಚಾಚಿದರೆ ಎಷ್ಟು ದೂರ ಹೋಗುವುದೋ ಅದಕ್ಕಿಂತ ಎರಡು ಮಾರು ಆಚೆಗೆ ಹಗ್ಗ ಕಟ್ಟಿ, ಜನರನ್ನು ತಡೆಯಲು ಒಬ್ಬನನ್ನು ನಿಲ್ಲಿಸುವುದು ಒಳ್ಳೆಯದು. ಅಳತೆ ನೋಡಲು ಯಾರಾದರೂ ಕಂದಕಕ್ಕೆ ಇಳಿಯಬೇಕಾದರೆ ಬಕೆಟನ್ನು ನೆಲಕ್ಕಿಳಿಸಿ ಎಂಜಿನ್ ನಿಲ್ಲಿಸಿದ ಮೇಲೆ ಇಳಿಯತಕ್ಕದ್ದು. ಬಕೆಟಿನಲ್ಲಿ ಮನುಷ್ಯರನ್ನು ಕೂರಿಸಿ ಎತ್ತುವುದು, ಇಳಿಸುವುದು ಸರ್ವಥಾ ಕೂಡದು.

ಕುಸಿಯುವ ಮಣ್ಣು

ಯಂತ್ರದಿಂದ ಆಗುವ ಅಪಾಯಕ್ಕಿಂತ, ಯಂತ್ರ ಅಗೆದು ಹೋದ ಮೇಲೆ ಕಂದಕದಲ್ಲಿ ಇಳಿದವರಿಗೆ ಒದಗುವ ಅಪಾಯ ಕಡಿಮೆಯದಲ್ಲ. ಕೈಯಿಂದ ಅಗೆಯುವಾಗ ಆರು ಅಡಿ ಆಳಕ್ಕೆ ಹೋಗಲು ದಿನಗಳೇ ಹಿಡಿಯುತ್ತಿದ್ದವು. ಅಷ್ಟರಲ್ಲಿ ಮಣ್ಣಿನ ಗೋಡೆ ತನ್ನ ಸ್ವಭಾವವನ್ನು ತೋರಿಸುತ್ತಿತ್ತು. ಯಂತ್ರವು ಅದನ್ನು ಕೆಲವೇ ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ. ಬೇಸಿಗೆಯಲ್ಲಿ ಎರೆಮಣ್ಣಿನ ಗೋಡೆ ಕಲ್ಲಿನಂತೆ ನೆಟ್ಟಗೆ ನಿಂತಿರುತ್ತದೆ. ಆದರೆ ಅದರೊಳಗೆ ಮೇಲಿನಿಂದಿಳಿದ ಬಿರುಕುಗಳಿರುತ್ತವೆ, ಮತ್ತು ಆ ಬಿರುಕುಗಳ ಗುಂಟ ಗೋಡೆ ಹಲಗೆಯಂತೆ ಕಳಚಿ ಬೀಳುತ್ತದೆ. ಒಂದು ಘನಮೀಟರ್ ಮಣ್ಣಿನ ತೂಕ ಒಂದೂವರೆ ಟನ್ನಿಗೂ ಮಿಕ್ಕಿದ್ದು. ಎದೆಯವರೆಗೆ ಹೂತುಹೋದವನು ತಲೆ ಹೊರಗಿದ್ದರೂ ಉಸಿರಾಡಲಾರ.

ಅಗೆತದ ಸುರಕ್ಷತೆಯನ್ನು ಕುರಿತ ಭಾರತೀಯ ಮಾನಕ 3764ರ ಪ್ರಕಾರ ಒಂದೂವರೆ ಮೀಟರಿಗಿಂತ ಆಳವಾದ ಕಂದಕದ ಗೋಡೆಗಳಿಗೆ ಹಲಗೆ ಮತ್ತು ಅಡ್ಡಪಟ್ಟಿಗಳ ಆಸರೆ ಕೊಡಬೇಕು, ಇಲ್ಲವೇ ಗೋಡೆಗಳನ್ನು ಇಳಿಜಾರಾಗಿ ಕಡಿಯಬೇಕು. ಅಗೆದ ಮಣ್ಣನ್ನು ಅಂಚಿನಲ್ಲಿಯೇ ರಾಶಿ ಹಾಕಬಾರದು; ಒಂದೂವರೆ ಮೀಟರಾದರೂ ದೂರಕ್ಕೆ ಸುರಿಯಬೇಕು. ಹತ್ತಿ ಬರಲು ಏಣಿ ಇಟ್ಟಿರಬೇಕು. ಸಣ್ಣ ಬ್ಯಾಕ್‌ಹೋ ಅಗೆಯುವ ಆರರಿಂದ ಎಂಟು ಅಡಿ ಎಂದರೆ ಈ ಒಂದೂವರೆ ಮೀಟರಿನ ಗೆರೆಯನ್ನು ಆಗಲೇ ದಾಟಿದಂತೆ. ಸಣ್ಣ ಯಂತ್ರ, ಸಣ್ಣ ಗುಂಡಿ ಎಂಬ ಭಾವನೆಯೇ ಇಲ್ಲಿ ಜೀವಕ್ಕೆ ಮುಳುವಾಗುತ್ತದೆ.

ಗೋಡೆಗಳ ಬುಡದಲ್ಲಿ ಅಗೆಯುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. 2019ರ ಜೂನ್ 29ರ ನಸುಕಿನಲ್ಲಿ ಪುಣೆಯ ಕೊಂಢವಾ ಪ್ರದೇಶದಲ್ಲಿ, ಕಟ್ಟಡ ಕೆಲಸ ನಡೆಯುತ್ತಿದ್ದ ತಗ್ಗಿನ ನಿವೇಶನದಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದ ಕೂಲಿಕಾರರ ಮೇಲೆ ಪಕ್ಕದ ವಸತಿ ಸಮುಚ್ಚಯದ ಆವರಣ ಗೋಡೆ ಭಾರೀ ಮಳೆಯಲ್ಲಿ ಉರುಳಿಬಿತ್ತು. ಮಕ್ಕಳೂ ಸೇರಿ 15 ಜನ ಮಡಿದರು. ಕಂದಕ ಎಷ್ಟು ಆಳವೋ ಗೋಡೆಯಿಂದ ಕನಿಷ್ಠ ಅಷ್ಟು ದೂರದಲ್ಲಿ ಅಗೆಯಬೇಕೆಂಬುದು ಸ್ಥೂಲ ನಿಯಮ. ಅದಕ್ಕಿಂತ ಹತ್ತಿರ ಹೋಗಲೇಬೇಕಾದರೆ ಎಂಜಿನಿಯರರ ಸಲಹೆ ಪಡೆದು, ತುಂಡು ತುಂಡಾಗಿ ಅಗೆದು ಆಯಾ ದಿನವೇ ಮುಚ್ಚಬೇಕು.

ಇಳಿಜಾರಿನ ಬುಡವನ್ನು ಕಡಿಯುವುದೂ ಇಷ್ಟೇ ಗಂಭೀರ ವಿಷಯ. ಇದೇ ಜಿಲ್ಲೆಯ ಅಂಬೇಗಾಂವ್ ತಾಲ್ಲೂಕಿನ ಮಾಳಿಣ್ ಗ್ರಾಮ 2014ರ ಜುಲೈ 30ರಂದು ಭೂಕುಸಿತಕ್ಕೆ ಸಿಕ್ಕಿ, 150ಕ್ಕೂ ಹೆಚ್ಚು ಜನ ಅಸುನೀಗಿದರು. ಅತಿವೃಷ್ಟಿ ಅದರ ಮುಖ್ಯ ಕಾರಣ. ಗುಡ್ಡದ ಇಳುಕಲಿನಲ್ಲಿ ಯಂತ್ರಗಳಿಂದ ಹೊಲ ಸಮ ಮಾಡಿದ್ದರ ಪಾತ್ರವೂ ಆಗ ಚರ್ಚೆಗೆ ಬಂದಿತು. ಮಲೆನಾಡು, ಕೊಡಗು ಪ್ರದೇಶದ ಓದುಗರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಇಳಿಜಾರಿನ ಅಗೆತವನ್ನು ಕೈಗೊಳ್ಳದಿರುವುದು ಕ್ಷೇಮ.

ದಿನನಿತ್ಯದ ಸಂರಕ್ಷಣೆ

ಪಿನ್ನು ಮತ್ತು ಬುಶ್‌ಗಳೇ ಬ್ಯಾಕ್‌ಹೋದ ಕೀಲುಗಳು. ಎಂಟರಿಂದ ಹತ್ತು ತಾಸಿನ ಕೆಲಸಕ್ಕೊಮ್ಮೆ, ಎಂದರೆ ಪ್ರತಿದಿನ, ಎಲ್ಲ ನಿಪ್ಪಲುಗಳಿಗೂ ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಬೇಕು. ಗನ್ ಹಚ್ಚುವ ಮೊದಲು ನಿಪ್ಪಲನ್ನು ಬಟ್ಟೆಯಿಂದ ಒರೆಸಬೇಕು. ಬಸಾಲ್ಟಿನ ಪುಡಿ ಬಹಳ ಗಡಸು. ಅದು ಗ್ರೀಸಿನೊಡನೆ ಬೆರೆತರೆ ಉಕ್ಕನ್ನು ಸವೆಸುವ ಲೇಪವಾಗುತ್ತದೆ. ಹಳೆಯ ಕಪ್ಪು ಗ್ರೀಸ್ ಹೊರಬಿದ್ದು ಹೊಸತು ಕಾಣಿಸುವವರೆಗೆ ಒತ್ತಬೇಕು. ಗ್ರೀಸ್ ಒಳಹೋಗದಿದ್ದರೆ ‘ತುಂಬಿದೆ’ ಎಂದು ಭಾವಿಸದೆ, ನಿಪ್ಪಲು ಕಟ್ಟಿಕೊಂಡಿದೆಯೆಂದು ತಿಳಿದು ಬದಲಿಸಬೇಕು.

ವಾರಕ್ಕೊಮ್ಮೆ ಬಕೆಟನ್ನು ನೆಲದಿಂದ ಸ್ವಲ್ಪವೇ ಎತ್ತಿ, ಎಂಜಿನ್ ನಿಲ್ಲಿಸಿ, ಬದಿಯಲ್ಲಿ ನಿಂತು ಬಕೆಟನ್ನು ಕೈಯಿಂದ ಅಲ್ಲಾಡಿಸಿ ನೋಡಬೇಕು. ಕಟಕಟ ಸದ್ದು ಬಂದರೆ ಬುಶ್ ಸವೆದಿದೆ. ಬುಶ್ ಬದಲಾವಣೆ ಅಗ್ಗದ ಕೆಲಸ. ಅದನ್ನು ಮುಂದೂಡಿದರೆ ಪಿನ್ನು ಕೂರುವ ತೂತೇ ಅಂಡಾಕಾರವಾಗಿ, ವೆಲ್ಡಿಂಗ್ ತುಂಬಿ ಬೋರಿಂಗ್ ಮಾಡಿಸುವ ದೊಡ್ಡ ಖರ್ಚು ಬರುತ್ತದೆ. ಸಬ್‌ಫ್ರೇಮಿನ ಬೋಲ್ಟುಗಳನ್ನು ಮೊದಲ ಹತ್ತು ತಾಸಿನ ನಂತರವೂ ಆಮೇಲೆ ವಾರಕ್ಕೊಮ್ಮೆಯೂ ಬಿಗಿ ಮಾಡಬೇಕು. ಬೋಲ್ಟಿನ ಸುತ್ತ ತುಕ್ಕಿನ ಬಣ್ಣದ ಪುಡಿ ಕಂಡರೆ ಅದು ಒಳಗೊಳಗೇ ಅಲುಗುತ್ತಿದೆಯೆಂದು ಅರ್ಥ. ಬಕೆಟಿನ ಹಲ್ಲುಗಳು ಮೊಂಡಾದರೆ ಡೀಸೆಲ್ ಖರ್ಚು ಹೆಚ್ಚುತ್ತದೆ. ಅವನ್ನು ಹಲ್ಲು ಕೂರುವ ಬುಡ ಸವೆಯುವ ಮುನ್ನವೇ ಬದಲಿಸಬೇಕು.

ಹೈಡ್ರಾಲಿಕ್ ಎಣ್ಣೆಯ ಮಟ್ಟವನ್ನು ಪ್ರತಿದಿನ ಬೆಳಿಗ್ಗೆ, ತೋಳನ್ನು ಕೈಪಿಡಿಯಲ್ಲಿ ಹೇಳಿದ ಸ್ಥಿತಿಯಲ್ಲಿಟ್ಟು ನೋಡಬೇಕು. ಸಿಲಿಂಡರುಗಳು ಚಾಚಿದ್ದಾಗ ಮಟ್ಟ ಕಡಿಮೆ ಕಾಣುವುದು ಸಹಜ. ಆಗ ತುಂಬಿಸಿದರೆ ಮಡಿಸಿದಾಗ ಉಕ್ಕಿ ಹರಿಯುತ್ತದೆ. ನಮ್ಮ ಹವೆಗೆ ಸಾಮಾನ್ಯವಾಗಿ 46 ಅಥವಾ 68ನೆಯ ದರ್ಜೆಯ ಎಣ್ಣೆಯನ್ನು ಸೂಚಿಸಿರುತ್ತಾರೆ. ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ. ಪಂಪು ಸಿಳ್ಳು ಹಾಕಿದಂತೆ ಕಿರುಗುಟ್ಟಿದರೆ ಗಾಳಿ ಸೇರಿದೆ, ಅಥವಾ ಎಣ್ಣೆ ಹೀರುವ ದಾರಿಯ ಜಾಲರಿ ಕಟ್ಟಿಕೊಂಡಿದೆ. ಹೊಸ ಯಂತ್ರದ ಮೊದಲ ಫಿಲ್ಟರನ್ನು 50 ತಾಸಿಗೆ ಬದಲಿಸುವುದು ಒಳ್ಳೆಯ ಪದ್ಧತಿ, ಏಕೆಂದರೆ ತಯಾರಿಕೆಯಲ್ಲಿ ಉಳಿದ ಲೋಹದ ಚೂರುಗಳೆಲ್ಲ ಅದರಲ್ಲಿ ಸೇರಿರುತ್ತವೆ. ಎಣ್ಣೆ ಸುರಿಯುವಾಗ ಗಾಳಿಗೆ ಹಾರುವ ಧೂಳು ಟ್ಯಾಂಕಿಗೆ ಬೀಳದಂತೆ ನೋಡಿಕೊಳ್ಳಬೇಕು. ತೆರೆದ ಕೊಡದಲ್ಲಿ ತಂದ ಎಣ್ಣೆ ಎಷ್ಟೇ ಅಗ್ಗವಾದರೂ ಪಂಪಿಗೆ ವಿಷವೇ ಸರಿ.

ಹೋಸ್ ಪೈಪುಗಳಲ್ಲಿ ಸೋರಿಕೆ ಹುಡುಕುವಾಗ ಎಂದೂ ಬೆರಳಾಡಿಸಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಚರ್ಮವನ್ನು ತೂರಿ ಮಾಂಸದೊಳಗೆ ಹೋಗುತ್ತದೆ. ಮೇಲೆ ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಮೊದಲು ನೋವೂ ಅಷ್ಟಾಗಿ ಇರದು. ಕೆಲವೇ ತಾಸುಗಳಲ್ಲಿ ಒಳಗಿನ ಮಾಂಸ ಕೊಳೆಯತೊಡಗಿ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ. ಇಂಥ ಗಾಯಕ್ಕೆ ಅರಿಶಿನ, ಮುಲಾಮು ಹಚ್ಚಿ ಕೂಡದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಹೋಗಿ, ‘ಒತ್ತಡದ ಎಣ್ಣೆ ಒಳಹೊಕ್ಕಿದೆ’ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಸೋರಿಕೆ ನೋಡಲು ಒಂದು ರಟ್ಟಿನ ತುಂಡನ್ನು ಪೈಪಿನ ಗುಂಟ ಸರಿಸಿದರೆ ಸಾಕು. ಪೈಪು ಬಿಚ್ಚುವ ಮೊದಲು ಬಕೆಟನ್ನು ನೆಲಕ್ಕಿಟ್ಟು, ಎಂಜಿನ್ ನಿಲ್ಲಿಸಿ, ಲಿವರುಗಳನ್ನು ನಾಲ್ಕೂ ಕಡೆಗೆ ಆಡಿಸಿ ಒಳಗಿನ ಒತ್ತಡವನ್ನು ಇಳಿಸಬೇಕು.

ಟ್ರ್ಯಾಕ್ಟರಿನ ಎಂಜಿನ್ನನ್ನು ಮರೆಯುವುದೂ ಉಂಟು. ಅಗೆಯುವಾಗ ಅದು ನಿಂತಲ್ಲೇ ತಾಸುಗಟ್ಟಲೆ ಓಡುತ್ತದೆ, ಸುತ್ತ ಧೂಳು ತುಂಬಿರುತ್ತದೆ. ಆದ್ದರಿಂದ ಏರ್ ಕ್ಲೀನರನ್ನೂ ರೇಡಿಯೇಟರಿನ ಜಾಲರಿಯನ್ನೂ ನಿತ್ಯ ಶುಚಿ ಮಾಡಬೇಕು. ಎಂಜಿನ್ ಎಣ್ಣೆಯನ್ನು ತಿಂಗಳ ಲೆಕ್ಕದಲ್ಲಲ್ಲ, ತಾಸಿನ ಮೀಟರ್ ನೋಡಿ ಬದಲಿಸಬೇಕು.

ಲೆಕ್ಕಾಚಾರ ಮತ್ತು ತರಬೇತಿ

ಮಣ್ಣಿನ ಕೆಲಸವನ್ನು ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಬ್ರಾಸ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಒಂದು ಅಡಿ ಅಗಲ, ಮೂರು ಅಡಿ ಆಳ, ನೂರು ಅಡಿ ಉದ್ದದ ಕಂದಕ ಮೂರು ಬ್ರಾಸ್ ಆಯಿತು. ಅಗೆದ ಮಣ್ಣು ಸಡಿಲಾಗಿ ಸುಮಾರು ಕಾಲು ಭಾಗ ಉಬ್ಬುವುದರಿಂದ ಅದೇ ಮಣ್ಣು ಟ್ರಾಲಿಯಲ್ಲಿ ಮೂರೂ ಮುಕ್ಕಾಲು ಬ್ರಾಸ್ ಆಗಿ ತೋರುತ್ತದೆ. ಅಳತೆ ಗುಂಡಿಯದೋ ರಾಶಿಯದೋ ಎಂಬುದನ್ನು ಕರಾರಿನಲ್ಲಿಯೇ ಬರೆದುಕೊಂಡರೆ ಜಗಳ ತಪ್ಪುತ್ತದೆ.

ಯಂತ್ರ ಕೊಳ್ಳುವ ಮುನ್ನ, ವರ್ಷದಲ್ಲಿ ತಮಗೆ ನಿಜವಾಗಿ ಎಷ್ಟು ತಾಸಿನ ಕೆಲಸವಿದೆ ಎಂದು ಬರೆದು ನೋಡಬೇಕು. ಸಾಲದ ಕಂತು, ಡೀಸೆಲ್, ಚಾಲಕನ ಕೂಲಿ, ದುರಸ್ತಿ ಇವನ್ನು ಆ ತಾಸುಗಳಿಗೆ ಹಂಚಿದಾಗ ಬರುವ ಮೊತ್ತವು ಊರಿನ ಬಾಡಿಗೆಯ ದರಕ್ಕಿಂತ ಹೆಚ್ಚಾದರೆ ಬಾಡಿಗೆಯೇ ಲೇಸು. ಕಂತು ತೀರಿಸುವ ಅವಸರದಲ್ಲಿ ರಾತ್ರಿ ಹಗಲೆನ್ನದೆ, ಬೆಳಕಿಲ್ಲದಲ್ಲಿ, ನಿದ್ದೆಗೆಟ್ಟ ಚಾಲಕನಿಂದ ದುಡಿಸುವ ಯಂತ್ರಗಳನ್ನು ನಾವು ಕಾಣುತ್ತಿದ್ದೇವೆ. ನಾಲ್ಕಾರು ರೈತರು ಕೂಡಿ ಕೊಳ್ಳುವುದೂ ಒಂದು ಮಾರ್ಗ. ಆದರೆ ಗ್ರೀಸ್ ತುಂಬುವ ಹೊಣೆ ಒಬ್ಬನದೇ ಆಗಿರಬೇಕು. ಎಲ್ಲರ ಹೊಣೆಯೆಂದರೆ ಯಾರೂ ತುಂಬುವುದಿಲ್ಲ.

ಟ್ರ್ಯಾಕ್ಟರು ಮತ್ತು ಕೃಷಿ ಯಂತ್ರಗಳ ಬಳಕೆ, ದುರಸ್ತಿಯಲ್ಲಿ ಕೇಂದ್ರ ಸರ್ಕಾರದ ತರಬೇತಿ ಸಂಸ್ಥೆಯೊಂದು ಕರ್ನಾಟಕದ ಗಡಿಗೆ ಸಮೀಪವಾಗಿ, ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಬ್ಯಾಕ್‌ಹೋ ಚಾಲಕರ ಕೌಶಲ್ಯಕ್ಕೆ ಸಂಬಂಧಿಸಿದ, ಮೂಲಸೌಕರ್ಯ ಯಂತ್ರಗಳ ಕೌಶಲ್ಯ ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಚಾಲಕನಿಗೆ ತಕ್ಕ ಪರವಾನಗಿಯೂ ಯಂತ್ರಕ್ಕೆ ವಿಮೆಯೂ ಇರಬೇಕು. ಕೃಷಿಗೆಂದು ನೋಂದಾಯಿಸಿದ ಟ್ರ್ಯಾಕ್ಟರಿಗೆ ಬ್ಯಾಕ್‌ಹೋ ಕಟ್ಟಿ ಬಾಡಿಗೆಗೆ ಓಡಿಸುವವರು, ಅದಕ್ಕೆ ಅನುಮತಿ ಇದೆಯೇ ಎಂಬುದನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೂ, ಅಪಘಾತವಾದರೆ ಪರಿಹಾರ ದೊರೆಯುವುದೇ ಎಂಬುದನ್ನು ವಿಮಾ ಕಂಪೆನಿಯಲ್ಲಿಯೂ ಮೊದಲೇ ಲಿಖಿತವಾಗಿ ಕೇಳಿ ತಿಳಿಯಬೇಕು.

ರಸ್ತೆಯಲ್ಲಿ ಸಾಗುವಾಗ ತೋಳನ್ನು ಮಡಿಸಿ, ಬೂಮಿನ ಹಾಗೂ ತಿರುಗುವ ಬುಡದ ಬೀಗದ ಪಿನ್ನುಗಳೆರಡನ್ನೂ ಹಾಕಿರಬೇಕು. ಹಿಂಭಾರದಿಂದ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುವುದರಿಂದ ಮುಂಭಾಗಕ್ಕೆ ತೂಕದ ತಟ್ಟೆಗಳನ್ನು ಕಟ್ಟಿ ನಿಧಾನವಾಗಿ ಚಲಿಸಬೇಕು. ಕತ್ರಜ್ ಅಥವಾ ದಿವೆ ಘಾಟಿನಂಥ ಇಳುಕಲಿನಲ್ಲಿ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು.

ಮಳೆಗಾಲದಲ್ಲಿ ಎರೆಭೂಮಿಗೆ ಟ್ರ್ಯಾಕ್ಟರನ್ನು ಇಳಿಸಲಾಗದು. ಆ ತಿಂಗಳುಗಳಲ್ಲಿ ಬ್ಯಾಕ್‌ಹೋವನ್ನು ತೊಳೆದು, ಒಣಗಿಸಿ, ಎಲ್ಲ ಕೀಲುಗಳಿಗೂ ಗ್ರೀಸ್ ತುಂಬಿ, ಸಿಲಿಂಡರಿನ ರಾಡುಗಳು ಆದಷ್ಟು ಒಳಗೆ ಸೇರುವಂತೆ ಮಡಿಸಿ, ಮರದ ದಿಮ್ಮಿಗಳ ಮೇಲೆ ಸೂರಿನ ಕೆಳಗೆ ಇಡಬೇಕು. ಹೊರಗುಳಿದ ರಾಡಿನ ಹೊಳೆಯುವ ಭಾಗಕ್ಕೆ ಗ್ರೀಸ್ ಸವರಬೇಕು. ಅಲ್ಲಿ ತುಕ್ಕಿನ ಒಂದು ಚುಕ್ಕೆ ಎದ್ದರೂ ಬೇಸಿಗೆಯ ಮೊದಲ ದಿನವೇ ಅದು ಎಣ್ಣೆಯ ಸೀಲನ್ನು ಹರಿದುಹಾಕುತ್ತದೆ. ಹೋಸ್ ಪೈಪುಗಳ ಬಾಯಿಗೆ ಮುಚ್ಚಳ ಹಾಕದೆ ಬಿಟ್ಟರೆ ಕಣಜ ಗೂಡು ಕಟ್ಟುತ್ತದೆ.